ಪಾಪಮ್ಮನ ವರಿ

ಪಾಪಮ್ಮನ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೆರಳನ್ನು ಇಡೀ ಬೀದಿಯ ಮುಂದೆ ಎತ್ತಿ ಹಿಡಿಸಿ ಅವಳ ಮಾನ ಕಳೆದವನು ನಾನೇ. ಅಂಥವನಿಗೆ ಅವಳ ಕಥೆ ಹೇಳುವ ಹಕ್ಕು ಎಲ್ಲಿಯದು ಎಂದು ಯಾರಾದರೂ ಕೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ನನ್ನ ಹೆಸರು ಪೊನ್ನುಸ್ವಾಮಿ. ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿಯವನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯೆಲ್ಲ ಹೇಳುತ್ತದೆ. ಹೇಳಲಿ ಬಿಡಿ, ಸುಳ್ಳೇನಲ್ಲ.

ಅವಳ ಕೆಲಸ ಕೆಚ್ಚುವುದು. ಸೀರೆಯ ಉದ್ದಕ್ಕೂ ಓಡುವ ಹಾಸಿನ ನೂಲಿಗೆ ನಾವು ಪಾವು ಎನ್ನುತ್ತೇವೆ. ಮಗ್ಗದ ಮೇಲೆ ಒಂದು ಪಾವು ಮುಗಿಯುತ್ತ ಬಂದಾಗ ಅದರ ತುದಿಗಳನ್ನು ಹಾಗೇ ಬಿಟ್ಟು, ಹೊಸ ಪಾವಿನ ತುದಿಗಳನ್ನು ಒಂದೊಂದಾಗಿ ಅದಕ್ಕೆ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಹೊಸೆಯಬೇಕು. ಬೂದಿ ಮುಟ್ಟಿದ ಹೆಬ್ಬೆರಳು, ತೋರುಬೆರಳು, ನಡುವೆ ಎರಡು ಎಳೆ, ಒಂದು ತಿರುವು. ಹೀಗೆ ಎರಡು ಸಾವಿರಕ್ಕೂ ಮೇಲೆ. ಬೆಳಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಒಂದು ಪಾವು. ಮೂವತ್ತು ವರ್ಷ ಬೂದಿಯಲ್ಲೂ ನೂಲಿನಲ್ಲೂ ಉಜ್ಜಿ ಉಜ್ಜಿ ಅವಳ ಎರಡು ಬೆರಳ ತುದಿಗಳು ನದಿಯ ಕಲ್ಲಿನ ಹಾಗೆ ನುಣುಪಾಗಿದ್ದವು.

ಹನ್ನೆರಡಕ್ಕೆ ಮದುವೆಯಾಗಿ ನಮ್ಮ ಬೀದಿಗೆ ಬಂದವಳು. ಗಂಡ ಬೇಗ ಹೋದ. ಮಗ್ಗ ಮಾರಿಹೋಯಿತು. ಒಂದೇ ಅಂಕಣದ ಮನೆ ಮಾತ್ರ ಅವಳ ಹೆಸರಿಗೆ ಉಳಿಯಿತು. ಅಂದಿನಿಂದ ಮನೆಮನೆಗೆ ಹೋಗಿ ಮಗ್ಗದ ಹಿಂದೆ ಕೂತು ಕೆಚ್ಚಿದಳು. ನನ್ನ ಅಪ್ಪನ ಪಾವುಗಳನ್ನು ಕೆಚ್ಚಿದವಳೂ ಅವಳೇ, ನನ್ನವನ್ನು ಕೆಚ್ಚಿದವಳೂ ಅವಳೇ. ನನ್ನ ಕೈಯಿಂದ ಹೊರಟ ಒಂದು ಸೀರೆಯೂ ಅವಳ ಬೆರಳು ದಾಟದೆ ಹೋಗಿಲ್ಲ.

ಬೀದಿಯ ಹಿಂದೆ ಪಾವಡಿ ಇತ್ತು. ಪಾವುಗಳನ್ನು ಉದ್ದಕ್ಕೆ ಎಳೆದು, ಗಂಜಿ ಹಾಕಿ, ಬಿಸಿಲೇರುವುದರೊಳಗೆ ಒಣಗಿಸುವ ಬಯಲು ಅದು. ಮಾರ್ಗಳಿ ತಿಂಗಳ ಚಳಿಯ ಮುಂಜಾನೆ ಅಲ್ಲಿ ನಿಂತರೆ ನಿಮಗೆ ಎಚ್ಚರವಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮಂಜು ಮೊಣಕಾಲಿನವರೆಗೆ. ಅದರ ಮೇಲೆ ಬಿಳೀ ಪಾವುಗಳು, ಒಂದರ ಪಕ್ಕ ಒಂದು, ಯಾರೂ ಹಿಡಿಯದೆ ತಾವಾಗಿಯೇ ತೇಲುತ್ತಿರುವಂತೆ. ಆಚೆ ಶೇರ್ವರಾಯನ್ ಮಲೆ ಅರ್ಧ ಇದೆ, ಅರ್ಧ ಇಲ್ಲ. ಗಂಜಿಯ ವಾಸನೆ. ಕುಂಚ ಓಡುವ ಸದ್ದು. ಆ ಬಿಳುಪಿನ ಒಳಗೆ ಪಾಪಮ್ಮ ತುಂಡಾದ ಎಳೆಗಳನ್ನು ಹುಡುಕುತ್ತ ನಡೆಯುತ್ತಿದ್ದಳು, ಕಣ್ಣು ಅರೆಮುಚ್ಚಿಕೊಂಡು, ಬಾಯಲ್ಲಿ ಏನೋ ಗುನುಗಿಕೊಂಡು.

ಅವಳು ಗುನುಗುತ್ತಿದ್ದದ್ದು ಹಾಡಲ್ಲ, ಅಕ್ಷರ. ಅ, ಆ, ಇ, ಈ. ಅವಳ ತವರು ಕೊಳತ್ತೂರಿನ ಆಚೆಯ ಒಂದು ಸಣ್ಣ ಊರು. ಅಲ್ಲಿ ಒಬ್ಬ ವಾತಿಯಾರು ಜಗುಲಿಯ ಮೇಲೆ ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಇವಳು ಗೋಡೆಯ ಆಚೆ ಎಮ್ಮೆ ಕಾಯುತ್ತ ಕೇಳಿಸಿಕೊಂಡದ್ದು. ಕಿವಿಗೆ ಎಲ್ಲ ಬಂತು, ಕಣ್ಣಿಗೆ ಒಂದೂ ಬರಲಿಲ್ಲ. ಮದುವೆಯಾಯಿತು, ಅಲ್ಲಿಗೆ ನಿಂತಿತು. ಮೇಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟಿದ ಮೇಲೆ ಆ ಊರೂ ಜಗುಲಿಯೂ ನೀರಿನ ಕೆಳಗೆ ಹೋದವು.

"ನನ್ನ ಪಾಠ ಅರ್ಧ ನೀರೊಳಗೈತೆ ಕಣ್ಲಾ ಪೊನ್ನೂ," ಎಂದು ಒಮ್ಮೆ ಹೇಳಿದಳು. "ಕಣ್ಮುಚ್ಚಿದ್ರೆ ಕಾಣ್ತದೆ. ಮೀನುಗಳು ಜಗುಲಿ ಮ್ಯಾಲೆ ಕುಂತವೆ, ವಾತಿಯಾರು ಏಳಿಕೊಡ್ತಾವ್ರೆ."

"ಮೀನಿಗೆ ಬೆತ್ತದ ಏಟೂ ಬೀಳ್ತದಾ?" ಎಂದೆ ನಾನು.

"ಬೀಳ್ತದೆ. ನಿನ್ನಂತ ಮೀನಿಗೆ ಬೀಳ್ತದೆ," ಎಂದಳು, ಎಳೆಯಿಂದ ಕಣ್ಣು ತೆಗೆಯದೆ.

ನಮ್ಮ ಬೀದಿಗೂ ಒಂದು ಪಳ್ಳಿಕೂಡ ಇತ್ತು, ಹೆಸರಿಗೊಂದು ಶಾಲೆ. ಚೌಡೇಶ್ವರಿ ಗುಡಿಯ ಹಿಂದಿನ ಮಂಟಪದಲ್ಲಿ ಅಂಬಾಬಾಯಿ ಎಂಬಾಕೆ ಪಾಠ ಮಾಡುತ್ತಿದ್ದರು. ಪೇಟೆಯ ಕಡೆಯ ಕನ್ನಡದ ಮನೆಯವರು, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಮೇಟೂರು ಅಣೆ ಮುಗಿದ ಮಾರನೆಯ ವರ್ಷ, ಐಪ್ಪಸಿ ತಿಂಗಳ ಮಳೆಗೆ ಮಂಟಪದ ಹಿಂಗೋಡೆ ಕೂತುಬಿಟ್ಟಿತು. ರಾತ್ರಿ ಬಿದ್ದದ್ದರಿಂದ ಮಕ್ಕಳು ಬದುಕಿದವು. ಮಾರನೆಯ ದಿನದಿಂದ ಅಂಬಾಬಾಯಿ ಮಕ್ಕಳನ್ನು ಪಾವಡಿಯ ಅಂಚಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡರು. ಮಕ್ಕಳು ಕೂರುತ್ತವೆಯೇ? ಓಡುತ್ತಿದ್ದವು. ಒಂದು ಮಗು ಪಾವಿನ ಕೆಳಗೆ ನುಸುಳಿತು ಎಂದರೆ ಹತ್ತು ಎಳೆ ತುಂಡು. ನನಗೆ ಬರುತ್ತಿದ್ದ ಕೋಪ ಆ ಬೇವಿನ ಮರಕ್ಕೆ ಗೊತ್ತು.

ನಾನು ಕಿರುಚಿದಷ್ಟೂ ಪಾಪಮ್ಮ ನಗುತ್ತಿದ್ದಳು. ತುಂಡಾದ ಎಳೆಗಳನ್ನು ಹೊಸೆಯುತ್ತ, ಪಾವಡಿಯ ಮೂಡಲ ತುದಿಯ ಕಡೆ ಗಲ್ಲ ಎತ್ತಿ ತೋರಿಸುತ್ತಿದ್ದಳು. ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ.

"ಅಗೋ, ಅಲ್ಲೊಂದು ಉದ್ದನೆ ಮನೆ. ಎಂಚು ಆಕವ್ರೆ. ಈ ಕಡೆ ಆರು ಕಿಟಕಿ. ಕಾಣಾಕಿಲ್ವಾ ನಿಂಗೆ?"

"ಕಾಣಾಕಿಲ್ಲ. ನಿಂಗೆ ರಾತ್ರಿ ನಿದ್ದೆ ಸಾಲ್ಲಿಲ್ಲ, ಓಗಿ ಮಲ್ಕೋ."

"ಕಿಟಕಿ ಕೆಳಗೆ ನಾನು ಕುಂತಿದ್ದೀನಿ ಕಣ್ಲಾ," ಎಂದಳು. ಆ ದನಿಯಲ್ಲಿ ಏನೋ ಇತ್ತು. ನಾನು ನಿಜವಾಗಿಯೂ ಒಂದು ಗಳಿಗೆ ಆ ಕಡೆ ನೋಡಿದೆ. ಯಾರಿಗೂ ಹೇಳಬೇಡಿ, ಮಂಜಿನಲ್ಲಿ ನನಗೂ ಏನೋ ಚೌಕ ಚೌಕವಾಗಿ ಕಂಡಿತು. ಬಿಸಿಲು ಬಂದು ಎಲ್ಲ ಕರಗಿಹೋಯಿತು.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಮುನಿಸಿಪಾಲ್ಟಿಯಿಂದ ಒಬ್ಬರು ಬಂದರು. ಅಂಬಾಬಾಯಿಯ ಅಣ್ಣ, ಬದರೀನಾಥ ಎಂದು ಹೆಸರು, ಅಲ್ಲಿ ಗುಮಾಸ್ತರು. ಗುಡಿಯ ಅಂಗಳದಲ್ಲಿ ಬೀದಿಯೆಲ್ಲ ಸೇರಿತು. ಗಂಡಸರು ಈ ಕಡೆ, ಹೆಂಗಸರು ಆ ಕಡೆ. ಅವರು ಕನ್ನಡ ಬಲ್ಲವರೇ, ಆದರೆ ಕಾಗದದಲ್ಲಿದ್ದದ್ದನ್ನು ತಮಿಳಿನಲ್ಲೇ ಓದಿದರು. ಬೀದಿಯವರು ಪಾವಡಿಯ ಮೂಡಲ ತುದಿಯನ್ನು ಬಿಟ್ಟುಕೊಡಬೇಕು. ಪಾವಿಗಿಷ್ಟು ಎಂದು ಪಳ್ಳಿಕೂಡ ವರಿ ಕಟ್ಟಬೇಕು. ಇದಕ್ಕೆ ಒಪ್ಪಿದರೆ ಅಲ್ಲಿ ಹೆಂಚಿನ ಕಟ್ಟಡ ಏಳುತ್ತದೆ, ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಕೋಣೆ, ಕುಡಿಯುವ ನೀರಿನ ಬಾವಿ. ಬೇಕೋ ಬೇಡವೋ, ಮನೆ ತೆರಿಗೆ ಕಟ್ಟುವವರೆಲ್ಲ ಮುಂದಿನ ತಿಂಗಳು, ಮಾಸಿಯಲ್ಲಿ, ಓಟು ಹಾಕಿ ಹೇಳಬೇಕು.

ಓದಿ ಮುಗಿಸಿ ಕಾಗದ ಮಡಚುತ್ತಿದ್ದರು. ಹೆಂಗಸರ ಕಡೆಯಿಂದ ಪಾಪಮ್ಮ ಎದ್ದು ನಿಂತಳು. ಮುಖ ಬೆಳಗುತ್ತಿತ್ತು.

"ವರಿ ಯಾವ ಬಣ್ಣದ್ದು ಸಾಮೀ?"

ಅವರಿಗೆ ಅರ್ಥವಾಗಲಿಲ್ಲ. ನಮಗೆ ಆಯಿತು. ಕಚೇರಿಯ ತಮಿಳಿನಲ್ಲಿ ವರಿ ಎಂದರೆ ತೆರಿಗೆ. ಮಗ್ಗದ ಮೇಲೆ ನಮ್ಮ ಬಾಯಲ್ಲಿ ವರಿ ಎಂದರೆ ಸೀರೆಯಲ್ಲಿ ಬಣ್ಣದ ನೂಲಿನಿಂದ ಎಳೆಯುವ ಗೆರೆ. ಹುಟ್ಟಿದಂದಿನಿಂದ ಗೆರೆಯ ವರಿಯನ್ನೇ ಕೇಳಿದ ಕಿವಿ ಅದು. ಪಳ್ಳಿಕೂಡಕ್ಕಾಗಿ ಪ್ರತಿ ಮಗ್ಗದವರೂ ಸೀರೆಯಲ್ಲಿ ಒಂದೊಂದು ಗೆರೆ ನೇಯಬೇಕು, ಆ ಗೆರೆ ನೋಡಿದವರೆಲ್ಲ ಇದು ಪಳ್ಳಿಕೂಡ ಕಟ್ಟಿದ ಬೀದಿಯ ಸೀರೆ ಎಂದು ಗುರುತು ಹಿಡಿಯಬೇಕು ಎಂದುಕೊಂಡಿದ್ದಳು ಪಾಪ.

"ಅಸಿರು ಆದ್ರೆ ಚೆಂದ," ಎಂದು ಸೇರಿಸಿದಳು.

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಗು ನಿಲ್ಲುವ ಮೊದಲೇ ಎದ್ದು ನಿಂತು ಬೇಡ ಎನ್ನುವವರ ಪರವಾಗಿ ಮಾತಾಡಿದೆ. ನನ್ನ ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು, ಅದನ್ನು ಇವತ್ತೂ ಹೇಳುತ್ತೇನೆ. ಪಾವಡಿಯ ಪೂರ್ತಿ ಉದ್ದಕ್ಕೆ ಎಂಟು ಸೀರೆಯ ಪಾವು ಎಳೆಯಬಹುದು. ಮೂಡಲ ತುದಿ ಹೋದರೆ ಆರೇ ಸೀರೆ. ಮೂರು ಪಾವಿನಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಪಾವು ಬೇಕು, ಒಂದು ಕೆಚ್ಚು ಹೆಚ್ಚು, ಒಂದು ದಿನ ಮಗ್ಗ ಖಾಲಿ. ಅದರ ಮೇಲೆ ವರಿ ಬೇರೆ. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ.

ನಿಲ್ಲಿಸಲಿಲ್ಲ. "ಪಾಪಮ್ಮಕ್ಕಂಗೆ ಯಾಕಿಷ್ಟು ಉಮೇದು ಅಂತ ಕೇಳ್ರಪ್ಪಾ," ಎಂದೆ. "ಪಾವು ಮೊಟಕಾದ್ರೆ ಕೆಚ್ಚು ಜಾಸ್ತಿ. ಕೆಚ್ಚು ಜಾಸ್ತಿ ಆದ್ರೆ ಕೂಲಿ ಯಾರಿಗೆ? ಕಿಟಕಿ ಕಾಣ್ತದಂತೆ ಕಿಟಕಿ! ಕಾಣದೆ ಏನು?"

ಯಾರೂ ನಗಲಿಲ್ಲ. ಪಾಪಮ್ಮ ಕೂತುಕೊಳ್ಳಲೂ ಇಲ್ಲ. ಸೆರಗಿನಲ್ಲಿ ಬೆರಳು ಒರೆಸಿಕೊಂಡಳು, ಬೂದಿ ಇಲ್ಲದಿದ್ದರೂ. ನನ್ನ ಕಡೆ ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇದ್ದದ್ದು ಆಶ್ಚರ್ಯ, ಹೀಗೂ ಒಂದು ಲೆಕ್ಕ ಇದೆಯೇ ಎಂಬಂತೆ.

"ಅಂಗಾ," ಎಂದಳು ಕೊನೆಗೆ. "ನಂಗೆ ಮಗ್ಗ ಇಲ್ಲ. ಗೆರೆ ನೇಯೋಕೂ ಆಗಾಕಿಲ್ಲ, ಪಾವಿಗಿಷ್ಟು ಅಂತ ಕಟ್ಟೋಕೂ ಆಗಾಕಿಲ್ಲ. ಮೂರು ಇದ್ದದ್ದು ನಾಲ್ಕು ಆಗ್ತದೆ ಅಂದ್ಯಲ್ಲ ಪೊನ್ನೂ. ಆ ನಾಲ್ಕನೇ ಪಾವು ನಾನು ಕೂಲಿ ಇಲ್ದೆ ಕೆಚ್ಚಿ ಕೊಡ್ತೀನಿ. ಬೀದಿಗೆಲ್ಲ. ಬೆರಳು ಆಡೋ ತನಕ. ಅದು ನನ್ನ ವರಿ."

ಚೌಡೇಶ್ವರಿಯ ಕಡೆ ತಿರುಗಿ ಕೈ ಮುಗಿದಳು. ಮುಗಿಯಿತು, ಆಣೆ ಆಗಿಹೋಯಿತು. ನನ್ನ ಹೆಂಡತಿ ಚಿನ್ನತಾಯಿ ಮನೆಗೆ ಬರುವ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲಲ್ಲಿ ತಿರುಗಿ, "ನಿಮ್ಮ ಬಾಯಿಗೆ ಗಂಜಿ ಆಕ," ಎಂದಳು. ನನಗೆ ಇನ್ನೂ ರೋಷ ಬಂತು.

ಆಗ ನಮ್ಮ ಮಗಳು ವಳ್ಳಿಗೆ ಏಳು ವರ್ಷ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ಪಳ್ಳಿಕೂಡ ಆದರೆ ರಾಟೆಯ ಮುಂದೆ ಯಾರು ಕೂರುತ್ತಾರೆ ಎಂಬುದೂ ನನ್ನ ಬೇಡದೊಳಗೆ ಇತ್ತು. ಅದನ್ನು ಮಾತ್ರ ನಾನು ಅಂಗಳದಲ್ಲಿ ಹೇಳಿರಲಿಲ್ಲ.

ಮಾಸಿಯ ಒಂದು ಬೆಳಗ್ಗೆ ಓಟು. ಬಿದ್ದ ಗೋಡೆಯ ಮಂಟಪದಲ್ಲೇ ಮೇಜು ಹಾಕಿ ಬದರೀನಾಥರು ಕೂತರು. ಅವರ ಹಿಂದೆ ಗೋಡೆ ಇರಬೇಕಾದಲ್ಲಿ ಬರೀ ಆಕಾಶ. ಎರಡು ತಗಡಿನ ಡಬ್ಬ. ಒಂದಕ್ಕೆ ಹಳದಿ ಕಾಗದ, ಬೇಕು ಎನ್ನುವವರಿಗೆ. ಇನ್ನೊಂದಕ್ಕೆ ಕಪ್ಪು. ನಮ್ಮ ಬೀದಿಯಲ್ಲಿ ಅವುಗಳಿಗೆ ವೇಣುಂ ಡಬ್ಬ, ವೇಂಡಾಂ ಡಬ್ಬ ಎಂದು ಹೆಸರು ಬಿತ್ತು. ಪಟ್ಟಿಯಲ್ಲಿ ಹೆಸರಿನ ಎದುರು ಸಹಿ ಮಾಡಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಚೀಟಿ. ಎರಡೂ ಕಡೆಯಿಂದ ಒಬ್ಬೊಬ್ಬರು ಪಕ್ಕದಲ್ಲಿ ನಿಂತು ನೋಡಬಹುದು. ಬೇಡದ ಕಡೆಯಿಂದ ನಾನೇ.

ಪಾಪಮ್ಮ ಸ್ನಾನ ಮಾಡಿ, ಕುಂಕುಮವಿಲ್ಲದ ಹಣೆಗೆ ವಿಭೂತಿ ಇಟ್ಟುಕೊಂಡು ಬಂದಳು. ಮಂಟಪದ ಮೆಟ್ಟಿಲಿಗೆ ಕೈಮುಗಿದು ಹತ್ತಿದಳು. ಬದರೀನಾಥರು ಅವಳ ಹೆಬ್ಬೆರಳನ್ನು ಮಸಿಗೆ ಒತ್ತಿ, ಪಟ್ಟಿಗೆ ಒತ್ತಿದರು. ಎತ್ತಿದರು. ಪಟ್ಟಿಯಲ್ಲಿ ಒಂದು ಕರಿ ಚುಕ್ಕೆ ಬಿದ್ದಿತ್ತು. ಗೆರೆ ಇಲ್ಲ, ಸುಳಿ ಇಲ್ಲ. ಮತ್ತೆ ಒತ್ತಿದರು. ಮತ್ತೆ ಅದೇ.

ನನಗೆ ಅಷ್ಟೇ ಸಾಕಾಗಿತ್ತು. "ಇದು ಎಬ್ಬೆಟ್ಟಲ್ಲ ಸಾರ್!" ಎಂದೆ. "ಬದನೆಕಾಯಿ ಅದ್ದಿ ಒತ್ತಿದ್ರೂ ಇಂಗೇ ಬೀಳ್ತದೆ. ರೂಲ್ಸ್ ಅಂದ್ರೆ ರೂಲ್ಸು."

"ಇವರು ಪಾಪಮ್ಮನವರೇ ಅಲ್ಲವೇನ್ರಿ? ನಿಮಗೆ ಗೊತ್ತಿಲ್ಲವೇ?" ಎಂದು ಅವರು ಕೇಳಿದರು.

ಗೊತ್ತಿಲ್ಲದೆ ಏನು? ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನ ಮನೆಗೆ ಬಂದವಳು. ಹೂಂ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. "ಗೊತ್ತಿರೋದು ಬೇರೆ, ಗುರುತು ಬೇರೆ. ಎಲ್ರೂ ನೋಡ್ಲಿ, ಕೈ ಎತ್ತು," ಎಂದೆ.

ಅವಳು ಎತ್ತಿದಳು. ಮಸಿ ಮೆತ್ತಿದ ಹೆಬ್ಬೆರಳು, ಹಿಂದೆ ಆಕಾಶ. ಸಾಲಿನಲ್ಲಿ ನಿಂತವರೆಲ್ಲ ನೋಡಿದರು. ಅವಳೂ ಅದನ್ನು ಮೊದಲ ಸಲ ನೋಡುತ್ತಿರುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಓಹೋ, ನನ್ನ ವರಿ ಎಲ್ಲ ಓಗಿಬಿಟ್ಟೈತೆ," ಎಂದಳು ಮೆಲ್ಲಗೆ, ತನ್ನಷ್ಟಕ್ಕೆ ಹೇಳಿಕೊಂಡಂತೆ. ಬೆರಳಿನ ಗೆರೆಗೂ ನಾವು ವರಿ ಎಂದೇ ಅನ್ನುತ್ತೇವೆ. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಪಾವುಗಳಲ್ಲೇ ಓಗಿರೋದು ಕಣ್ಲಾ ಪೊನ್ನೂ. ನಿಮ್ಮಪ್ಪನ ಪಾವಲ್ಲಿ ಒಂದಿಷ್ಟು, ನಿನ್ನ ಪಾವಲ್ಲಿ ಒಂದಿಷ್ಟು. ಉಡುಕಿದ್ರೆ ಸಿಕ್ತದೇನೋ."

ಬದರೀನಾಥರು ನನ್ನ ಮುಖ ನೋಡಿದರು, ಇನ್ನೊಮ್ಮೆ. ನಾನು ಕೆಮ್ಮಿದೆ. ಕೆಮ್ಮಿ ಆಕಾಶ ನೋಡಿದೆ. ತಕರಾರು ಬಂದ ಮೇಲೆ ಅವರಾದರೂ ಏನು ಮಾಡಿಯಾರು? ಅವಳ ಚೀಟಿಯನ್ನು ಹಳದಿ ಡಬ್ಬಕ್ಕೆ ಹಾಕಿಸಲಿಲ್ಲ. ಒಂದು ಲಕೋಟೆಯಲ್ಲಿಟ್ಟು, ಅಂಟಿಸಿ, ಕೆಂಪು ಅರಗು ಕಾಯಿಸಿ ಮುದ್ರೆ ಒತ್ತಿ, ಬೇರೆಯಾಗಿ ಪೆಟ್ಟಿಗೆಯಲ್ಲಿಟ್ಟರು. ಎಣಿಕೆ ತೀರಾ ಸಮಸಮ ಬಂದರೆ ಮಾತ್ರ ಅದನ್ನು ಮೇಲಿನವರು ತೆರೆದು ನೋಡುತ್ತಾರೆ ಎಂದರು.

ಸಮಸಮ ಬರಲಿಲ್ಲ. ಬೇಕು ಎನ್ನುವವರು ಏಳು ಓಟು ಹೆಚ್ಚು. ಲಕೋಟೆಯನ್ನು ಯಾರೂ ತೆರೆಯಲಿಲ್ಲ. ಅಂದರೆ ನೋಡಿ, ಪಳ್ಳಿಕೂಡಕ್ಕೆ ಆಣೆ ಇಟ್ಟವಳು ಇಡೀ ಬೀದಿಯಲ್ಲಿ ಅವಳೊಬ್ಬಳೇ, ಲೆಕ್ಕಕ್ಕೆ ಬರದ ಓಟೂ ಅವಳದೊಂದೇ. ನಾನು ಸೋತೂ ಆಗಿತ್ತು, ಅವಳನ್ನು ಸೋಲಿಸಿಯೂ ಆಗಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಸೋತದ್ದಕ್ಕೇ ಎಂದು ನಾನು ನನಗೇ ಹೇಳಿಕೊಂಡೆ.

ಮಾರನೆಯ ಮಾರ್ಗಳಿಯ ಹೊತ್ತಿಗೆ ಮೂಡಲ ತುದಿಯಲ್ಲಿ ಕಟ್ಟಡ ಎದ್ದಿತ್ತು. ಮಂಜಿನಲ್ಲಿ ನಿಂತು ನಾನು ಎಣಿಸಿದೆ. ಪಾವಡಿಯ ಕಡೆಗೆ ಆರು ಕಿಟಕಿ. ಐದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅವಳಿಗೆ ಒಂದು ಮಾತು ಅನ್ನಬಹುದಿತ್ತು! ಕಿಟಕಿಗಳಿಂದ ಮಕ್ಕಳ ದನಿ ಹೊರಟು ಬಿಳೀ ಪಾವುಗಳ ಮೇಲೆ ಹಾದು ಬರುತ್ತಿತ್ತು. ಅ, ಆ, ಇ, ಈ. ಗಂಜಿ ಹಾಕುವ ಗಂಡಸರು ಗೊತ್ತಿಲ್ಲದೆ ಅದಕ್ಕೇ ಕುಂಚ ಎಳೆಯುತ್ತಿದ್ದರು. ಪಾಪಮ್ಮ ಎಳೆ ಹುಡುಕುತ್ತ ಹುಡುಕುತ್ತ ಮೂರನೆಯ ಕಿಟಕಿಯ ಕೆಳಗೆ ಹೋಗಿ ನಿಂತುಬಿಡುತ್ತಿದ್ದಳು. ನಿಂತರೆ ಅಲ್ಲಿಯೇ, ಯಾರಾದರೂ ಕರೆಯುವ ತನಕ.

ಪಾವುಗಳು ಮೊಟಕಾದವು. ಮೂರು ಇದ್ದದ್ದು ನಾಲ್ಕಾಯಿತು. ನನ್ನ ನಾಲ್ಕನೆಯ ಪಾವಿನ ದಿನ ಪಾಪಮ್ಮ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬೇರೆ ಯಾರಿಗೆ ಮಾಡಿದರೂ ನನಗ್ಯಾಕೆ ಮಾಡಿಯಾಳು? ಬೆಳಗಾಗುವಷ್ಟರಲ್ಲಿ ಬೂದಿಯ ಚಿಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮಗ್ಗದ ಹಿಂದೆ ಕೂತಳು. ನಾನು ಮಗ್ಗದ ಮುಂದಿನ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತೆ. ಕೆಲಸವಿರಲಿಲ್ಲ, ಹೋಗಲೂ ಮನಸ್ಸಾಗಲಿಲ್ಲ. ನಮ್ಮ ನಡುವೆ ಎರಡು ಸಾವಿರ ಎಳೆ. ಅವುಗಳ ಹಿಂದೆ ಅವಳ ಮುಖ ನೀರಿನೊಳಗಿನಿಂದ ಕಾಣುವಂತೆ ಕಾಣುತ್ತಿತ್ತು. ಹೆಂಚಿನ ಸಂದಿನಿಂದ ಬಿದ್ದ ಬಿಸಿಲು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಿತು, ಅವಳ ಬೆರಳುಗಳೂ ಅದರ ಜೊತೆಗೇ ಸರಿದವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಆಗ ಗಮನಿಸಿದೆ, ಅವಳು ಎಳೆಗಳನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಎಲ್ಲೋ ಇತ್ತು. ಮಂಜು ಅವಳ ಕಣ್ಣಿನೊಳಗೇ ಇಳಿಯತೊಡಗಿತ್ತು. ಬೆರಳು ಮಾತ್ರ ತನ್ನಷ್ಟಕ್ಕೆ ಹೋಗುತ್ತಿತ್ತು.

ಸಂಜೆ ಕೂಲಿ ಕೊಡಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು.

"ವರಿಗೆ ಯಾರಾದ್ರೂ ಕೂಲಿ ತಗೋತಾರೇನ್ಲಾ?"

"ನಿನ್ನ ಓಟೇ..." ಎಂದು ಶುರು ಮಾಡಿದೆ. ನಿನ್ನ ಓಟೇ ಎಣಿಸಲಿಲ್ಲ ಪಾಪಮ್ಮಕ್ಕ, ನೀನು ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದು ಹೇಳುವವನಿದ್ದೆ.

"ನನ್ನ ಓಟು ಬದ್ರವಾಗೈತೆ," ಎಂದಳು. ಮುಖ ಅರಳಿತು. "ಎಲ್ರುದೂ ಒಂದೇ ಡಬ್ಬಕ್ಕೆ ಸುರಿದವ್ರೆ. ನಂದೊಂದು ಮಾತ್ರ ಕವರಲ್ಲಿಟ್ಟು, ಅರಗು ಆಕಿ, ಮುದ್ರೆ ಒತ್ತಿ ಪೆಟ್ಟಿಗೇಲಿ ಮಡಗವ್ರೆ. ನೀನೇ ನೋಡಿದ್ಯಲ್ಲ? ನೀನು ಜಗಳ ಆಡಿದ್ದಕ್ಕೆ ಆಗಿದ್ದು ಕಣ್ಲಾ ಅದು. ಇಲ್ದಿದ್ರೆ ನಂದೂ ಎಲ್ರ ಜೊತೆ ಓಗ್ತಿತ್ತು."

ದೇವರಾಣೆಗೂ ಹೇಳುತ್ತೇನೆ, ಅವಳು ಚುಚ್ಚಿ ಮಾತಾಡಿದ್ದಲ್ಲ. ನಂಬಿದ್ದಳು. ಮುದ್ರೆ ಒತ್ತಿ ಬೇರೆಯಾಗಿ ಇಟ್ಟದ್ದೆಲ್ಲ ಬೆಲೆಯುಳ್ಳದ್ದು ಎಂದು ನಂಬಿದ ಹೆಂಗಸು. ಆ ಓಟು ಎಣಿಕೆಗೇ ಬರಲಿಲ್ಲ ಎಂಬುದನ್ನು, ಇಡೀ ಬೀದಿ ಹೆದರುವ ನನ್ನ ಬಾಯಿ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೂಲಿ ನನ್ನ ಕೈಯಲ್ಲೇ ಉಳಿಯಿತು.

ಹೀಗೇ ಎರಡು ವರ್ಷ. ಬೀದಿಯ ಪ್ರತಿ ಮನೆಯ ನಾಲ್ಕನೆಯ ಪಾವು ಅವಳದು. ಜನರ ಬಾಯಲ್ಲಿ ಅದಕ್ಕೆ ವರಿ ಪಾವು ಎಂದೇ ಹೆಸರಾಯಿತು. ಕೆಲವರು ಅಕ್ಕಿ ಕೊಡಲು ಹೋದರು, ಬೈದು ಕಳಿಸಿದಳು. ಈ ನಡುವೆ ವಳ್ಳಿ ಕಂಡಿಕೆ ಸುತ್ತುತ್ತ ಸುತ್ತುತ್ತ ರಾಟೆ ನಿಲ್ಲಿಸಿಬಿಡುತ್ತಿದ್ದಳು. ಗದರಿಸಲು ಹೋದರೆ ಪಾವಡಿಯ ಕಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಅ, ಆ, ಇ, ಈ. ಗೋಡೆಯ ಆಚೆ ಎಮ್ಮೆ ಕಾಯುತ್ತಿದ್ದ ಇನ್ನೊಂದು ಹುಡುಗಿ ನೆನಪಾದಳು. ಚಿನ್ನತಾಯಿ ನನ್ನ ಕಡೆ ನೋಡದೆ, "ಕಂಡಿಕೆ ನಾನು ಸುತ್ಕೋತೀನಿ," ಎಂದಳು. ನಾನು ಏನೂ ಅನ್ನಲಿಲ್ಲ. ನಾನು ಏನೂ ಅನ್ನದಿದ್ದರೆ ಒಪ್ಪಿದೆ ಎಂದು ನಮ್ಮ ಮನೆಯಲ್ಲಿ ಅರ್ಥ.

ವಳ್ಳಿಯ ಕೈ ಹಿಡಿದುಕೊಂಡು ಆ ಕಟ್ಟಡದೊಳಗೆ ಮೊದಲ ಸಲ ಕಾಲಿಟ್ಟೆ. ಆ ವರ್ಷ ಮತ್ತೆ ಬಳಿದ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಂಬಾಬಾಯಿ ದೊಡ್ಡ ಪುಸ್ತಕ ತೆರೆದು ಹೆಸರು, ವಯಸ್ಸು ಬರೆದುಕೊಂಡರು. ಆಮೇಲೆ ಪುಸ್ತಕ ನನ್ನ ಕಡೆ ತಿರುಗಿಸಿದರು.

"ಇಲ್ಲಿ ಸಹಿ ಮಾಡಿ."

"ಬರಾಕಿಲ್ಲಮ್ಮ."

"ಹಾಗಾದರೆ ಹೆಬ್ಬೆಟ್ಟು ಒತ್ತಿ," ಎಂದು ಮಸಿಯ ಡಬ್ಬಿ ಮುಂದಿಟ್ಟರು.

ಒತ್ತಿದೆ. ಎತ್ತಿದೆ.

"ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ," ಎಂದರು ಅವರು. ನಿಜವಾಗಿಯೂ ಚೆನ್ನಾಗಿಯೇ ಬಿದ್ದಿತ್ತು. ಸುಳಿಯ ಒಳಗೆ ಸುಳಿ, ಗೆರೆಯ ಪಕ್ಕ ಗೆರೆ, ಒಂದೂ ಸವೆದಿರಲಿಲ್ಲ. ಮೂವತ್ತೆರಡು ವರ್ಷ ಬದುಕಿದ್ದೆ, ಒಂದೇ ಒಂದು ವರಿಯನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅದನ್ನು ನೋಡುತ್ತ ನಿಂತವನಿಗೆ ನಾಚಿಕೆಯಾಯಿತು, ಅಷ್ಟೇ. ಬಣ್ಣ ಹಚ್ಚಿ ಹೇಳುವಂಥದ್ದೇನಲ್ಲ. ಅಂಬಾಬಾಯಿಗೆ ಕಾಣದಂತೆ ಕಣ್ಣು ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಮಸಿ ಮಾಡಿಕೊಂಡೆ, ವಳ್ಳಿ ಕಿಸಕ್ಕೆಂದಳು.

ಮನೆಗೆ ಬಂದರೆ ಪಾಪಮ್ಮ ಮಗ್ಗದ ಹಿಂದೆ ಕೂತಿದ್ದಳು. ಆವತ್ತು ನನ್ನ ನಾಲ್ಕನೆಯ ಪಾವು. ಅವಳ ಕಣ್ಣು ಆಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಗುರುತಿಸುತ್ತಿರಲಿಲ್ಲ. ನಾನು ಕುಣಿಗೆ ಇಳಿಯಲಿಲ್ಲ. ಸುತ್ತಿ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕೆಚ್ಚುವುದು ಹೆಂಗಸರ ಕೆಲಸ, ನಮ್ಮ ಬೀದಿಯಲ್ಲಿ ಯಾವ ಗಂಡಸೂ ಅಲ್ಲಿ ಕೂತವನಲ್ಲ. ಚಿಪ್ಪಿನೊಳಗೆ ಬೆರಳು ಅದ್ದಿ ಬೂದಿ ಮುಟ್ಟಿಕೊಂಡೆ.

"ಯಾರದು?" ಎಂದಳು.

"ನಾನೇ. ಈ ಕಡೆಯಿಂದ ಕೆಚ್ಚಿಕೊಂಡು ಬತ್ತೀನಿ. ನೀನು ಆ ಕಡೆಯಿಂದ ಬಾ."

ಅವಳು ನನ್ನ ಕೈ ಹುಡುಕಿ, ಹೆಬ್ಬೆರಳನ್ನು ತನ್ನ ನುಣುಪು ಬೆರಳುಗಳ ನಡುವೆ ತೆಗೆದುಕೊಂಡು ಸವರಿ ನೋಡಿದಳು. ಗೆರೆ ಗೆರೆಯಾಗಿ, ಎಲ್ಲವನ್ನೂ. ಬಹಳ ಹೊತ್ತು ನೋಡಿದಳು.

"ಒಸಾ ಬೆರಳು," ಎಂದಳು. ನಕ್ಕಳು. "ಎಳೆ ಇಡ್ಕೊಳಾಕಿಲ್ಲ ಇದು, ಒರಟು. ಎರಡು ಮೂರು ವರ್ಷ ಅಳ್ತದೆ. ಆಮೇಲೆ ಸರಿ ಓಯ್ತದೆ. ಊಂ, ಕೆಚ್ಚು."

ಮೊದಲ ದಿನ ನಾನು ಕೆಚ್ಚಿದ್ದು ನೂರು ಎಳೆ. ಅದರಲ್ಲಿ ಅರ್ಧ ಬಿಚ್ಚಿಹೋದವು. ಬೀದಿಯವರು ಬಾಗಿಲಲ್ಲಿ ನಿಂತು ನಕ್ಕರು, ನಾನು ಬೂದಿ ಎಸೆದು ಓಡಿಸಿದೆ. ಅವಳ ಕಣ್ಣು ಪೂರ್ತಿ ಹೋದ ಮೇಲೆ ಬೀದಿಯ ವರಿ ಪಾವುಗಳಿಗೆ ನಾವಿಬ್ಬರೂ ಹೋಗುತ್ತಿದ್ದೆವು. ಅವಳ ಬೆರಳು ನಿಂತ ಮೇಲೆ ನಾನೊಬ್ಬನೇ ಹೋಗುತ್ತಿದ್ದೇನೆ. ಅವಳು ಮೂರನೆಯ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿರುತ್ತಾಳೆ, ಒಳಗೆ ಮಕ್ಕಳು ಹೇಳಿದ್ದನ್ನು ಹೊರಗೆ ತಾನೂ ಹೇಳುತ್ತ.

ಮೊನ್ನೆ ಪಳ್ಳಿಕೂಡದ ಪುಸ್ತಕದಲ್ಲಿ ವಳ್ಳಿಯ ಹೆಸರಿನ ಎದುರು ಮತ್ತೆ ಹೆಬ್ಬೆಟ್ಟು ಒತ್ತಬೇಕಾಯಿತು. ಅಂಬಾಬಾಯಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಈ ಸಲ ಸರಿಯಾಗಿ ಬಿದ್ದಿಲ್ಲ, ಅರ್ಧ ಗೆರೆ ಇಲ್ಲವೇ ಇಲ್ಲ, ಇನ್ನೊಮ್ಮೆ ಒತ್ತಿ ಎಂದರು. ಎಷ್ಟು ಸಲ ಒತ್ತಿದರೂ ಇನ್ನು ಅಷ್ಟೇ ಅಮ್ಮ ಎಂದೆ. ನನ್ನ ವರಿ ಅರ್ಧ ಕಟ್ಟಿದ್ದೇನೆ, ಅರ್ಧ ಬಾಕಿ ಇದೆ.